ಲೈಪ್‌ಜಿಗ್ ಪಟ್ಟಣದ ಸಂಗೀತದ ಮೇಷ್ಟ್ರು

ಪಾಶ್ಚಾತ್ಯ ಸಂಗೀತದ ಮಹಾಪುರುಷರಲ್ಲಿ ಜೊಹಾನ್ ಸೆಬಾಸ್ಟಿಯನ್ ಬಾಖ್ ಅಗ್ರಗಣ್ಯನು. ಆತನ ಸಂಗೀತವನ್ನು ವಿಮರ್ಶಿಸುವಷ್ಟು ಪರಿಜ್ಞಾನ ನನಗಿಲ್ಲ. ನನ್ನ ಮನಸ್ಸನ್ನು ಸೆಳೆದುದು ಜರ್ಮನಿಯ ಲೈಪ್‌ಜಿಗ್ ಪಟ್ಟಣದಲ್ಲಿ ಆತನು ಇಪ್ಪತ್ತೇಳು ವರ್ಷ ನಡೆಸಿದ ಉಪಾಧ್ಯಾಯ ವೃತ್ತಿ.

1685ರಲ್ಲಿ ಐಸನಾಖ್ ಎಂಬ ಊರಿನಲ್ಲಿ ಜನಿಸಿದ ಬಾಖ್ ಹತ್ತು ವರ್ಷ ತುಂಬುವುದರೊಳಗೆ ತಾಯಿತಂದೆಗಳಿಬ್ಬರನ್ನೂ ಕಳೆದುಕೊಂಡು ಅಣ್ಣನ ಆಶ್ರಯದಲ್ಲಿ ಬೆಳೆದನು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಆತನು ಹತ್ತಲಿಲ್ಲ. ಸ್ವಂತ ಪರಿಶ್ರಮದಿಂದ ಮೇಲೇರಿ 1717ರಲ್ಲಿ ಕೋಥೆನ್ ಸಂಸ್ಥಾನದ ಆಸ್ಥಾನ ಸಂಗೀತಗಾರರಿಗೆ ಮುಖ್ಯಸ್ಥನಾದನು. ಅಂಥ ಪದವಿಯನ್ನು ಬಿಟ್ಟು 1723ರಲ್ಲಿ ಸಂತ ಥಾಮಸರ ಶಾಲೆಯ ಸಂಗೀತದ ಮೇಷ್ಟರಾಗಿ ಬಂದನು. ಸಂಗೀತದಲ್ಲಿ ಪ್ರಭುವಿನ ಆಸಕ್ತಿ ಕುಗ್ಗಿದ್ದುದು ಒಂದು ಕಾರಣ. ಗಂಡುಮಕ್ಕಳಿಗೆ ಲೈಪ್‌ಜಿಗ್‌ನಲ್ಲಿ ವಿಶ್ವವಿದ್ಯಾನಿಲಯದ ಶಿಕ್ಷಣ ದೊರೆಯುವುದೆಂಬುದು ಇನ್ನೊಂದು. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯವರೆಗೆ ಬಂದವರಲ್ಲಿ ನಾನೇ ಮೊದಲಿಗ. ಈ ಎರಡನೆಯ ಕಾರಣವನ್ನು ಓದಿದಾಗ ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಪಟ್ಟಣದ ಪುರಸಭೆಗಾದರೋ ಆತನು ಮೊದಲ ಆಯ್ಕೆಯಲ್ಲ. ಟೆಲಿಮಾನ್ ಬರಲಿಲ್ಲ, ಗ್ರೌಪ್ನರನಿಗೆ ಅವನ ಒಡೆಯ ಅನುಮತಿ ಕೊಡಲಿಲ್ಲ, ಆಮೇಲೆ ಬಾಖ್.

ಶಾಲೆಯ ಕಟ್ಟಡದಲ್ಲಿಯೇ ಆತನ ಸಂಸಾರ. ಗೋಡೆಯಾಚೆ ವಿದ್ಯಾರ್ಥಿಗಳ ವಸತಿ. ನಾಲ್ಕು ವಾರಗಳಿಗೊಮ್ಮೆ ಮೇಲ್ವಿಚಾರಣೆಯ ಸರದಿ ಬರುತ್ತಿತ್ತು: ಬೇಸಗೆಯಲ್ಲಿ ಐದಕ್ಕೆ, ಚಳಿಗಾಲದಲ್ಲಿ ಆರಕ್ಕೆ ಹುಡುಗರನ್ನು ಎಬ್ಬಿಸಬೇಕು; ಪ್ರಾರ್ಥನೆ, ಊಟ, ರಾತ್ರಿಯ ಶಿಸ್ತು ಎಲ್ಲವನ್ನೂ ನೋಡಬೇಕು. ಲ್ಯಾಟಿನ್ ಪಾಠವೂ ಆತನ ಪಾಲಿಗಿತ್ತು. ಕೈಯಿಂದ ಹಣ ಕೊಟ್ಟು ಅದನ್ನು ಸಹೋದ್ಯೋಗಿಯಿಂದ ಮಾಡಿಸಿದನು. ಜಾಣತನವೇ ಸರಿ! ನಾಲ್ಕು ಚರ್ಚುಗಳಿಗೆ ಹಾಡುವ ಹುಡುಗರನ್ನು ಒದಗಿಸಬೇಕಾಗಿತ್ತು. ಮೊದಲ ವರ್ಷಗಳಲ್ಲಿ ಹೆಚ್ಚುಕಡಮೆ ಪ್ರತಿ ಭಾನುವಾರಕ್ಕೂ ಒಂದು ಹೊಸ ಕೃತಿ. ಆತನು ರಚಿಸಿದುದನ್ನು ಹೆಂಡತಿ ಆನಾ ಮಗ್ದಲೇನ, ಮಕ್ಕಳು, ಶಿಷ್ಯರು ಕುಳಿತು ಒಬ್ಬೊಬ್ಬ ಗಾಯಕನಿಗೂ ವಾದಕನಿಗೂ ಬೇರೆ ಬೇರೆಯಾಗಿ ಪ್ರತಿಮಾಡುತ್ತಿದ್ದರು.

ಸಂಬಳಕ್ಕಿಂತ ಮದುವೆ ಮತ್ತು ಶವಸಂಸ್ಕಾರಗಳ ಕಾಣಿಕೆಯೇ ದೊಡ್ಡದು. 1729ರಲ್ಲಿ ಊರಿನ ಹವೆ ಚೆನ್ನಾಗಿದ್ದು ಸಾವುಗಳು ಕಡಮೆಯಾದುದರಿಂದ ನೂರು ಥಾಲರಿಗೂ ಹೆಚ್ಚು ನಷ್ಟವಾಯಿತೆಂದು ಮರುವರ್ಷ ಬಾಲ್ಯಮಿತ್ರನಿಗೆ ಬರೆದನು. ಓದಿ ನಗಬಹುದು, ಆದರೆ ಮನೆ ತುಂಬ ಮಕ್ಕಳಿದ್ದವನ ಲೆಕ್ಕವಿದು. ಇಬ್ಬರು ಹೆಂಡಿರಲ್ಲಿ ಹುಟ್ಟಿದ ಇಪ್ಪತ್ತು ಮಕ್ಕಳಲ್ಲಿ ಬೆಳೆದು ದೊಡ್ಡವರಾದವರು ಹತ್ತೇ ಮಂದಿ.

ಅದೇ 1730ರಲ್ಲಿ ಪುರಸಭೆಗೆ ಒಂದು ಮನವಿ ಸಲ್ಲಿಸಿದನು. 54 ಹುಡುಗರಲ್ಲಿ 17 ಮಂದಿ ಹಾಡಬಲ್ಲರು, 20 ಮಂದಿ ಇನ್ನೂ ಕಲಿಯಬೇಕು, 17 ಮಂದಿ ನಿರುಪಯೋಗಿಗಳು ಎಂದು ಅದರಲ್ಲಿ ವಿಂಗಡಿಸಿದ್ದನು. ಪುರಸಭೆಯವರೋ, ಆತನು ಕೆಲಸವನ್ನೇ ಮಾಡುತ್ತಿಲ್ಲವೆಂದು ದೂರಿ ಹೆಚ್ಚುವರಿ ಆದಾಯಕ್ಕೆ ಕತ್ತರಿ ಹಾಕಲು ನಿಶ್ಚಯಿಸಿದರು. ಇಂದು ಜಗತ್ತೆಲ್ಲ ಹಾಡುವ 'ಮ್ಯಾಥ್ಯೂ ಪ್ಯಾಶನ್' ಅದಕ್ಕೆ ಕೆಲವೇ ವರ್ಷಗಳ ಹಿಂದೆ ಅದೇ ಊರಿನಲ್ಲಿ ಮೊದಲು ಕೇಳಿಬಂದಿತ್ತು! ದೊಡ್ಡ ಮಕ್ಕಳಾದ ಫ್ರೀಡೆಮಾನ್, ಇಮ್ಯಾನುಯೆಲ್ ಇಬ್ಬರೂ ಲೈಪ್‌ಜಿಗ್ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಓದಿದರು. ಕೊನೆಗೆ ಹಿಡಿದುದು ಮಾತ್ರ ತಂದೆಯ ವೃತ್ತಿಯನ್ನೇ.

ಮುಪ್ಪಿನಲ್ಲಿ ಕಣ್ಣು ಮಂಜಾಯಿತು. 1749ರಲ್ಲಿ, ಆತನು ಇನ್ನೂ ಕೆಲಸದಲ್ಲಿರುವಾಗಲೇ, ಆ ಸ್ಥಾನಕ್ಕೆ ಬರಬೇಕಾದವನನ್ನು ಕರೆಸಿ ಹಾಡಿಸಿ ಪರೀಕ್ಷಿಸಲಾಯಿತು. ಮರುವರ್ಷ ಇಂಗ್ಲಿಷ್ ವೈದ್ಯನೊಬ್ಬನು ಎರಡು ಸಲ ಮಾಡಿದ ಶಸ್ತ್ರಚಿಕಿತ್ಸೆಯೂ ಫಲಿಸಲಿಲ್ಲ. 1750ರ ಜುಲೈ 28ರಂದು ಬಾಖ್ ತೀರಿಕೊಂಡನು. ಆನಾ ಮಗ್ದಲೇನ ಶಾಲೆಯ ಮನೆಯನ್ನು ಬಿಡಬೇಕಾಯಿತು. ಮನೆಮಂದಿಯೆಲ್ಲ ಪ್ರತಿಮಾಡಿದ್ದ ಆ ಹಾಳೆಗಳಲ್ಲಿ ಒಂದು ಭಾಗವನ್ನು ಆಕೆ ಶಾಲೆಗೇ ಕೊಟ್ಟಳು. ಹತ್ತು ವರ್ಷದ ಮೇಲೆ ದಾನದ ಹಣದಲ್ಲಿ ಬದುಕುತ್ತಿದ್ದಂತೆಯೇ ಆಕೆ ಸತ್ತಳು. ಆ ಹಾಳೆಗಳು ಇಂದಿಗೂ ಲೈಪ್‌ಜಿಗ್‌ನಲ್ಲಿವೆ.