ಹಸುರೆಲೆಯ ಮುಂದೆ ತಿಮಿರ್ಯಾಜೆವ್

ಬಾಳೆಲ್ಲ ಬೆಳಕನ್ನು ಕುರಿತೇ ದುಡಿದವರ ಹೆಸರಿನ ಮೊದಲಲ್ಲಿ ನಮ್ಮ 'ತಿಮಿರ' ಬಂದು ಕುಳಿತಿರುವುದನ್ನು ಕಂಡು ನನಗೆ ನಗು ಬಂದಿತು. ಕ್ಲಿಮೆಂಟ್ ತಿಮಿರ್ಯಾಜೆವ್ ರಷ್ಯದ ಸಸ್ಯಶಾಸ್ತ್ರಜ್ಞರು. ಮನೆಯೊಳಗೆ ಕೆಂಪು ನೀಲಿ ದೀಪಗಳಡಿಯಲ್ಲಿ ಸೊಪ್ಪು ಬೆಳೆಯುವವರು ಈಗ ಹಲವರಿದ್ದಾರೆ. ಯಾವ ಬಣ್ಣ, ಎಷ್ಟು ಬೆಳಕು ಎಂಬ ಅವರ ಪ್ರಶ್ನೆಯ ಜಾಡು ಹಿಡಿದು ಹೊರಟ ನಾನು ಈ ಹಿರಿಯರ ಚರಿತ್ರೆಗೆ ಬಂದು ನಿಂತೆ.

ಅವರು ಹುಟ್ಟಿದ್ದು 1843ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಮನೆಯಲ್ಲಿ ಅನುಕೂಲ ಸಾಲದು; ಹದಿನೈದನೆಯ ವಯಸ್ಸಿನಿಂದಲೇ ಸಂಪಾದನೆಗೆ ನಿಂತರು. ವಿಶ್ವವಿದ್ಯಾನಿಲಯ ಸೇರಿ ಹೆಚ್ಚು ಕಾಲವಾಗಿರಲಿಲ್ಲ. 1861ರಲ್ಲಿ, ಗಲಭೆಗಳಲ್ಲಿ ಸೇರುವುದಿಲ್ಲವೆಂದು ವಿದ್ಯಾರ್ಥಿಗಳು ರುಜು ಹಾಕಿಕೊಡಬೇಕೆಂಬ ಕಟ್ಟಳೆ ಬಂದಿತು. ಅವರು ಹಾಕಲಿಲ್ಲ, ಹೊರಬಿದ್ದರು. ದುಡಿದು ಓದುತ್ತಿದ್ದ ಹುಡುಗನಿಗೆ ಅದೇನು ಸಣ್ಣ ನಷ್ಟವೇ? ಮುಂದೆ ಪಾಠ ಕೇಳಲು ಮಾತ್ರ ಅನುಮತಿಯುಳ್ಳ ಹೊರಗಿನ ವಿದ್ಯಾರ್ಥಿಯಾಗಿ ಮರಳಿ, 1866ರಲ್ಲಿ ವ್ಯಾಸಂಗ ಮುಗಿಸಿದರು. ಬಳಿಕ ಜರ್ಮನಿ, ಫ್ರಾನ್ಸುಗಳಲ್ಲಿ ಬುನ್ಸೆನ್, ಕಿರ್ಖಾಫ್, ಬುಸೆಂಗೋ ಮೊದಲಾದವರ ಬಳಿ ಕಲಿತರು.

ಎಲೆಯು ಇಂಗಾಲಾಮ್ಲ ವಾಯುವನ್ನು ಒಡೆಯುವ ಕೆಲಸ ಹಳದಿ ಬೆಳಕಿನಲ್ಲೇ ಹೆಚ್ಚು ಎಂಬುದು ಆಗಿನ ನಂಬಿಕೆ. ಅಮೆರಿಕದ ಡ್ರೇಪರ್ ಹೇಳಿದ್ದನ್ನು ಜರ್ಮನಿಯ ಸಾಕ್ಸ್, ಫೆಫರ್ ಎಂಬ ಘಟಾನುಘಟಿಗಳು ಎತ್ತಿಹಿಡಿದಿದ್ದರು. ನಮ್ಮ ಕಣ್ಣಿಗೂ ಹಳದಿಯೇ ಹೆಚ್ಚು ಪ್ರಕಾಶ. ತಿಮಿರ್ಯಾಜೆವರಿಗೆ ಇದು ಒಪ್ಪಿಗೆಯಾಗಲಿಲ್ಲ. ಪತ್ರಹರಿತ್ತು ಬಲವಾಗಿ ಹೀರುವುದು ಕೆಂಪನ್ನು. ಹೀರದ ಬೆಳಕು ದುಡಿಯುವುದಾದರೂ ಹೇಗೆ?

ತಪ್ಪು ಸೀಳುಗಂಡಿಯಲ್ಲಿದೆ ಎಂದು ಅವರು ಕಂಡುಕೊಂಡರು. ಗಂಡಿ ಅಗಲವಾದರೆ ಬಣ್ಣಗಳು ಒಂದರ ಮೇಲೊಂದು ಬಿದ್ದು, ಹಳದಿಯ ಜಾಗಕ್ಕೆ ಕೆಂಪೂ ಬೆರೆಯುತ್ತದೆ. ಕಿರಿದು ಮಾಡಿದರೆ ಬಣ್ಣ ಶುದ್ಧವಾಗುತ್ತದೆ, ಆದರೆ ಬೆಳಕು ಕ್ಷೀಣಿಸುತ್ತದೆ. ಎಲೆ ಒಡೆಯುವ ವಾಯು ಅಳತೆಗೇ ಸಿಗದಷ್ಟು ಅಲ್ಪವಾಗುತ್ತದೆ. ಅವರು ಗಂಡಿಯನ್ನು ಕಿರಿದು ಮಾಡಿ, ಆ ಅಲ್ಪವನ್ನೇ ಅಳೆಯಬಲ್ಲ ಉಪಕರಣವನ್ನು ಕಟ್ಟಿಕೊಂಡರು. ಗಾಜಿನ ಕೊಳವೆಗಳಲ್ಲಿ ಎಲೆಯ ತುಂಡುಗಳನ್ನಿಟ್ಟು ಒಂದೊಂದು ಬಣ್ಣಕ್ಕೆ ಒಡ್ಡಿದರು. ಕೆಂಪೇ ಗೆದ್ದಿತು. 1875ರ ಅವರ ಡಾಕ್ಟರ್ ಪದವಿಯ ಪ್ರಬಂಧ ಇದನ್ನೇ ಕುರಿತದ್ದು. ನೀಲಿಯಲ್ಲೂ ಎಲೆ ಚೆನ್ನಾಗಿ ದುಡಿಯುವುದೆಂದು 1882ರಲ್ಲಿ ಎಂಗಲ್ಮನ್ ತೋರಿಸಿದರು. ಬೆಳಕನ್ನು ಏರಿಸುತ್ತ ಹೋದರೆ ಒಂದು ಮಿತಿಯಾಚೆ ಎಲೆಯ ದುಡಿಮೆ ಏರುವುದಿಲ್ಲವೆಂಬುದೂ ತಿಮಿರ್ಯಾಜೆವರ ಶೋಧನೆಗಳಲ್ಲೊಂದು.

ಅವರು ಹೇಳಿದ್ದೆಲ್ಲವೂ ನಿಂತಿತೆಂದಲ್ಲ. ಕೆಂಪಿನ ಮೇಲ್ಮೆಗೆ ಅವರು ಕೊಟ್ಟ ಕಾರಣ ಅದರ ಶಕ್ತಿ. ಎಲೆ ಲೆಕ್ಕವಿಡುವುದು ಬೆಳಕಿನ ಕಣಗಳ ಸಂಖ್ಯೆಯನ್ನು ಎಂಬುದು ಅನಂತರದ ತಿಳಿವು. ಹಸುರು, ಹಳದಿಗಳೂ ನಿರುಪಯುಕ್ತವಲ್ಲವೆಂದು 1972ರಲ್ಲಿ ಮೆಕ್ರೀ ಅಳೆದು ತೋರಿಸಿದರು. ಆದರೂ ಲಕ್ಸ್ ಅಂಕಿ ನೋಡಿ ಗಿಡಕ್ಕೆ ದೀಪ ಕೊಳ್ಳುವವರಿಗೆ ತಿಮಿರ್ಯಾಜೆವರ ಎಚ್ಚರ ಬೇಕೆಂದು ನನಗೆ ತೋರುತ್ತದೆ. ಲಕ್ಸ್ ಮನುಷ್ಯನ ಕಣ್ಣಿನ ಅಳತೆ, ಎಲೆಯದಲ್ಲ.

1903ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಉಪನ್ಯಾಸಕ್ಕೆ ನಿಂತಾಗ, ಸೌತೆಕಾಯಿಯಿಂದ ಬಿಸಿಲನ್ನು ಹಿಂಡಲು ಹೊರಟ ಗಲಿವರನ ಕಥೆಯ ಮರುಳನಿಗೆ ತಮ್ಮನ್ನು ಹೋಲಿಸಿಕೊಂಡೇ ಅವರು ಮಾತು ಆರಂಭಿಸಿದರು. ಮೂವತ್ತೈದಕ್ಕೂ ಹೆಚ್ಚು ವರ್ಷ ಗಾಜಿನೊಳಗಿನ ಹಸುರೆಲೆಯನ್ನೇ ನೋಡಿದವರಿಗೆ ಆ ವಿನೋದ ಸಲ್ಲುವುದೇ.

ತ್ಸಾರರ ಸರ್ಕಾರದೊಡನೆ ಅವರಿಗೆ ಹೊಂದಲಿಲ್ಲ. 1911ರಲ್ಲಿ ಮಂತ್ರಿಯ ದರ್ಪವನ್ನು ಪ್ರತಿಭಟಿಸಿ ಮಾಸ್ಕೋ ವಿಶ್ವವಿದ್ಯಾನಿಲಯವನ್ನು ನೂರಕ್ಕೂ ಹೆಚ್ಚು ಅಧ್ಯಾಪಕರು ತೊರೆದಾಗ, ಎರಡು ವರ್ಷದ ಹಿಂದೆಯೇ ಪಾರ್ಶ್ವವಾಯು ಬಡಿದಿದ್ದ ಈ ಮುದುಕರೂ ರಾಜೀನಾಮೆ ಕೊಟ್ಟರು. 1920ರ ಏಪ್ರಿಲಿನಲ್ಲಿ ಮಾಸ್ಕೋದಲ್ಲಿ ತೀರಿಕೊಂಡರು. ಅದಕ್ಕೂ ಮೊದಲು, 1892ರಲ್ಲಿ, ಅವರನ್ನು ಹೊರಗಿಟ್ಟಿದ್ದ ಪೆತ್ರೋವ್ಸ್ಕಿ ಕೃಷಿ ವಿದ್ಯಾಲಯಕ್ಕೆ 1923ರಲ್ಲಿ ಅವರದೇ ಹೆಸರನ್ನಿಟ್ಟರು.