ಡಾ. ಸಲೀಂ ಅಲಿ: ಒಂದು ಸಂಘದ ಸದಸ್ಯರಾಗಿ ಕಳೆದ ಬದುಕು

ವನ್ಯಜೀವಿಗಳಿಗೆ ಸಂಬಂಧಿಸಿದ ಅನುಮತಿ, ಪರಿಹಾರ ಮತ್ತಿತರ ಸೇವೆಗಳನ್ನು ಕೋರಿ ಅರ್ಜಿ ಸಲ್ಲಿಸುವ ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ ಈ ಪರಿಚಯವನ್ನು ಪ್ರಕಟಿಸಲಾಗಿದೆ. ವನ್ಯಜೀವಿ ಸಂರಕ್ಷಣೆಯು ಸರ್ಕಾರದ ಕೆಲಸ ಮಾತ್ರವೆಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಈ ಸೀಮೆಯ ಪಕ್ಷಿಗಳನ್ನು ಶಾಸ್ತ್ರೀಯವಾಗಿ ದಾಖಲಿಸುವ ಕಾರ್ಯವನ್ನು ಕೈಗೊಂಡದ್ದು ಸದಸ್ಯರ ವಂತಿಗೆಯಿಂದ ನಡೆಯುತ್ತಿದ್ದ ಒಂದು ಸಂಘ. ಆ ಸಂಘದ ಹೆಸರಿನೊಡನೆ ಬೇರ್ಪಡಿಸಲಾಗದಂತೆ ಸೇರಿಹೋದವರು ಡಾ. ಸಲೀಂ ಅಲಿ.

ಜನನ ಮತ್ತು ಬಾಲ್ಯ

ಸಲೀಂ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಹೆತ್ತವರಿಬ್ಬರನ್ನೂ ಎಳವೆಯಲ್ಲಿಯೇ ಕಳೆದುಕೊಂಡ ಅವರು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಆಶ್ರಯದಲ್ಲಿ ಬೆಳೆದರು. ಆ ಕಾಲದ ಅನೇಕ ಹುಡುಗರಂತೆ ಅವರೂ ಗಾಳಿಕೋವಿಯಿಂದ ಗುಬ್ಬಿಗಳನ್ನು ಹೊಡೆಯುತ್ತಿದ್ದರು. ಹಾಗೆ ಬಿದ್ದ ಒಂದು ಗುಬ್ಬಿಯ ಕೊರಳಿನಲ್ಲಿ ಹಳದಿ ಮಚ್ಚೆಯಿತ್ತು. ಅದೇನೆಂದು ತಿಳಿಯದೆ ಮಾವನನ್ನು ಕೇಳಿದಾಗ, ಅವರು ಪತ್ರವೊಂದನ್ನು ಕೊಟ್ಟು ಬಾಲಕನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಚೇರಿಗೆ ಕಳುಹಿಸಿದರು. ಗೌರವ ಕಾರ್ಯದರ್ಶಿಯಾಗಿದ್ದ ಡಬ್ಲ್ಯು. ಎಸ್. ಮಿಲ್ಲರ್ಡ್ ಅವರು ಹಕ್ಕಿಯನ್ನು ಗುರುತಿಸಿದ್ದಲ್ಲದೆ, ಒಂದೊಂದೇ ಕಪಾಟು ತೆರೆದು ಸಂಗ್ರಹದಲ್ಲಿದ್ದ ಪಕ್ಷಿಗಳ ಮಾದರಿಗಳನ್ನು ತೋರಿಸಿದರು. ಈ ಭೇಟಿ ನಡೆದದ್ದು ಸಂಘವೊಂದರ ಬಾಗಿಲು ಅಪರಿಚಿತ ಹುಡುಗನಿಗೂ ತೆರೆದಿದ್ದ ಕಾರಣದಿಂದ ಎಂಬುದನ್ನು ಗಮನಿಸಬೇಕು.

ಸೊಸೈಟಿಯು 1883ರಲ್ಲಿ ಎಂಟು ಮಂದಿಯಿಂದ ಸ್ಥಾಪಿತವಾಯಿತು. ಮಿಲ್ಲರ್ಡ್ ಅವರ ಹೊಟ್ಟೆಪಾಡಿನ ವೃತ್ತಿ ಮದ್ಯದ ವ್ಯಾಪಾರ. ಜಿಲ್ಲಾಧಿಕಾರಿಗಳು, ವೈದ್ಯರು, ಇಂಜಿನಿಯರುಗಳು, ಅರಣ್ಯಾಧಿಕಾರಿಗಳು, ತೋಟಗಾರರು ಇದರ ಸದಸ್ಯರಾಗಿ ತಾವಿದ್ದ ಊರುಗಳಿಂದ ಟಿಪ್ಪಣಿಗಳನ್ನು ಕಳುಹಿಸುತ್ತಿದ್ದರು; ಅವು 1886ರಿಂದ ಸೊಸೈಟಿಯ ನಿಯತಕಾಲಿಕದಲ್ಲಿ ಪ್ರಕಟವಾದವು. 1911ರಲ್ಲಿ ಸೊಸೈಟಿ ಆರಂಭಿಸಿದ ಸಸ್ತನಿಗಳ ಸಮೀಕ್ಷೆಯು ಧಾರವಾಡ ಮತ್ತು ಕೆನರಾ ಪ್ರದೇಶಗಳಲ್ಲಿಯೂ ನಡೆಯಿತು.

ಉದ್ಯೋಗವಿಲ್ಲದ ವರ್ಷಗಳು

ಸಲೀಂ ಅಲಿಯವರು ಕೆಲಕಾಲ ಬರ್ಮಾದಲ್ಲಿ ಕುಟುಂಬದ ಗಣಿ ಮತ್ತು ಮರದ ವ್ಯವಹಾರವನ್ನು ನೋಡಿಕೊಂಡರು. ಅದು ಫಲಿಸಲಿಲ್ಲ. ವಿಶ್ವವಿದ್ಯಾಲಯದ ಪದವಿ ಇಲ್ಲದ ಕಾರಣ ಸರ್ಕಾರಿ ಪ್ರಾಣಿಶಾಸ್ತ್ರ ಸಂಸ್ಥೆಯಲ್ಲಿ ಹುದ್ದೆ ದೊರೆಯಲಿಲ್ಲ. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದ ನಿಸರ್ಗ ಇತಿಹಾಸ ವಿಭಾಗದಲ್ಲಿ ಮಾರ್ಗದರ್ಶಿ ಉಪನ್ಯಾಸಕರಾಗಿ ನೇಮಕಗೊಂಡರು. ಹೆಚ್ಚಿನ ಅಧ್ಯಯನಕ್ಕಾಗಿ ಬರ್ಲಿನ್‌ಗೆ ತೆರಳಿ, ಪ್ರೊ. ಸ್ಟ್ರೆಸೆಮಾನ್ ಅವರಲ್ಲಿ ಅಭ್ಯಾಸ ಮಾಡಿ, 1930ರಲ್ಲಿ ಹಿಂದಿರುಗಿದಾಗ ಹಣದ ಕೊರತೆಯಿಂದ ಆ ಹುದ್ದೆಯೇ ರದ್ದಾಗಿತ್ತು. ಸಮುದ್ರತೀರದ ಕಿಹೀಮ್ ಗ್ರಾಮಕ್ಕೆ ತೆರಳಿದ ಅವರು ಮನೆಯ ಸಮೀಪದ ಗೀಜಗನ ಗೂಡುಗಳನ್ನು ದಿನವೂ ವೀಕ್ಷಿಸಿ, ಅದರ ಸಂತಾನಾಭಿವೃದ್ಧಿ ಕ್ರಮವನ್ನು ಕುರಿತು ಬರೆದ ಪ್ರಬಂಧ ವಿದ್ವಾಂಸರ ಗಮನ ಸೆಳೆಯಿತು.

ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆ

ಇಲ್ಲಿಂದ ಮುಂದಿನ ಸಂಗತಿ ನಮ್ಮ ಮೂರು ತಾಲ್ಲೂಕುಗಳಿಗೆ ಸಂಬಂಧಿಸಿದ್ದು. ದೇಶೀಯ ಸಂಸ್ಥಾನಗಳಲ್ಲಿನ ಪಕ್ಷಿಗಳ ಬಗ್ಗೆ ವ್ಯವಸ್ಥಿತ ಮಾಹಿತಿ ಬಹುಮಟ್ಟಿಗೆ ಇರಲಿಲ್ಲ. ಸಲೀಂ ಅಲಿಯವರು ಸೊಸೈಟಿಯ ಮುಂದೆ ಒಂದು ಸರಳ ಪ್ರಸ್ತಾವನೆಯನ್ನಿಟ್ಟರು: ತಾವು ಸಂಬಳವಿಲ್ಲದೆ ದುಡಿಯುವುದು, ಶಿಬಿರ ಮತ್ತು ಪ್ರಯಾಣದ ವೆಚ್ಚವನ್ನು ಆಯಾ ಸಂಸ್ಥಾನ ಭರಿಸುವುದು, ಫಲಿತಾಂಶವನ್ನು ಸೊಸೈಟಿ ಪ್ರಕಟಿಸುವುದು. ನಿಜಾಮರ ಸರ್ಕಾರ ಒಪ್ಪಿತು. 1931–32ರಲ್ಲಿ ನಡೆದ ಈ ಸಮೀಕ್ಷೆಯ ಶಿಬಿರಗಳಲ್ಲಿ ಪತ್ನಿ ತಹಮೀನಾ ಅವರೂ ಜೊತೆಗಿದ್ದರು. ವರದಿಯು 1933–34ರಲ್ಲಿ, ಹ್ಯೂ ವಿಸ್ಲರ್ ಅವರ ಟಿಪ್ಪಣಿಗಳೊಡನೆ, ಸೊಸೈಟಿಯ ನಿಯತಕಾಲಿಕದಲ್ಲಿ ಹಲವು ಕಂತುಗಳಲ್ಲಿ ಪ್ರಕಟವಾಯಿತು.

ರಾಯಚೂರು ಜಿಲ್ಲೆ ಆಗ ಆ ಸಂಸ್ಥಾನದ ನೈಋತ್ಯ ಅಂಚಿನಲ್ಲಿತ್ತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ಸಮೀಕ್ಷೆಯ ಕಾಲದಲ್ಲಿ ಸಿಂಧನೂರಿಗೆ ಕಾಲುವೆ ಬಂದಿರಲಿಲ್ಲ. ಎರೆಹೊಲದ ಜೋಳ, ಹತ್ತಿ, ಕಲ್ಲುಗುಡ್ಡಗಳ ನಡುವಿನ ಹುಲ್ಲು, ಮಳೆಯನ್ನೇ ನಂಬಿದ ಕೆರೆ, ಹಳ್ಳ: ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಈ ನೆಲದ ಸ್ವರೂಪ ಅದಾಗಿತ್ತು. 1950ರ ದಶಕದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯಿಂದ ಸಿಂಧನೂರು ಭತ್ತದ ನಾಡಾಯಿತು. ನಾರಾಯಣಪುರ ಬಲದಂಡೆ ಕಾಲುವೆಯು ಮುಂದೆ ಲಿಂಗಸುಗೂರು ಭಾಗಕ್ಕೂ ನೀರು ತಂದಿತು. ನೀರಾವರಿಯಿಂದ ರೈತರ ಬದುಕು ಸುಧಾರಿಸಿತು. ಕೊಕ್ಕರೆ, ಬಾತುಗಳಂತಹ ಜಲಪಕ್ಷಿಗಳಿಗೂ ಆಹಾರ ದೊರೆಯಿತು. ನಷ್ಟವಾದದ್ದು ಒಣ ಹುಲ್ಲುಗಾವಲನ್ನೇ ಅವಲಂಬಿಸಿದ ಜೀವಿಗಳಿಗೆ. ಹುಲ್ಲುಗಾವಲನ್ನು ಬಂಜರು ಎಂದು ಬರೆದಿಡುವ ರೂಢಿಯೂ ಈ ನಷ್ಟಕ್ಕೆ ಕಾರಣವಾಯಿತೆನ್ನದೆ ವಿಧಿಯಿಲ್ಲ. ಕಾಲುವೆಗೆ ಮುಂಚಿನ ದಖ್ಖನ್ನಿನ ಪಕ್ಷಿಜೀವನವನ್ನು ತಿಳಿಯಲು ಇಂದಿಗೂ ಆ ವರದಿಯನ್ನೇ ನೋಡಬೇಕಾಗಿದೆ.

ಸಮೀಕ್ಷೆಯಲ್ಲಿ ಪಕ್ಷಿಗಳನ್ನು ಕೋವಿಯಿಂದ ಹೊಡೆದು ಮಾದರಿಗಳನ್ನಾಗಿ ಸಂಗ್ರಹಿಸಲಾಗುತ್ತಿತ್ತು ಎಂಬುದನ್ನು ಮರೆಮಾಚಬೇಕಾಗಿಲ್ಲ. ಅಂದಿನ ಪದ್ಧತಿ ಅದೇ ಆಗಿತ್ತು. ಇಂದು ಅನುಮತಿಯಿಲ್ಲದೆ ಹಾಗೆ ಮಾಡುವುದು ಅಪರಾಧ.

ಮೈಸೂರು, ಮತ್ತು ನಂತರ

1939ರಲ್ಲಿ ತಹಮೀನಾ ಅವರು ಚಿಕ್ಕ ಶಸ್ತ್ರಚಿಕಿತ್ಸೆಯೊಂದರ ನಂತರ ನಿಧನರಾದರು. ಆ ದುಃಖದ ಬೆನ್ನಲ್ಲೇ ಸಲೀಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಸಮೀಕ್ಷೆ ಕೈಗೊಂಡರು. ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ನೀರುಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು ರಕ್ಷಣೆಗೆ ಒತ್ತಾಯಿಸಿದ ಫಲವಾಗಿ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಿತವಾಯಿತು. ಈ ತಾಣ 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು.

1941ರಲ್ಲಿ ಜನಸಾಮಾನ್ಯರಿಗಾಗಿ ಬರೆದ ಭಾರತೀಯ ಪಕ್ಷಿಗಳ ಪುಸ್ತಕ ಹೊರಬಂದಿತು. ಡಿಲ್ಲನ್ ರಿಪ್ಲೆ ಅವರೊಡನೆ ರಚಿಸಿದ ಹತ್ತು ಸಂಪುಟಗಳ ಕೈಪಿಡಿ 1968ರಿಂದ 1974ರವರೆಗೆ ಪ್ರಕಟವಾಯಿತು. ಸ್ವಾತಂತ್ರ್ಯಾನಂತರ ಸೊಸೈಟಿಯು ಹಣಕಾಸಿನ ಮುಗ್ಗಟ್ಟಿಗೆ ಸಿಲುಕಿದಾಗ, ಅವರು ಪ್ರಧಾನಿ ಜವಾಹರಲಾಲ್ ನೆಹರೂ ಅವರಿಗೆ ಪತ್ರ ಬರೆದು ನೆರವು ಪಡೆದರು. 1951ರಲ್ಲಿ ಬಾಂಬೆ ರಾಜ್ಯವು ವನ್ಯಪಕ್ಷಿ ಹಾಗೂ ವನ್ಯಪ್ರಾಣಿಗಳ ರಕ್ಷಣೆಗೆ ತಂದ ಕಾಯ್ದೆಯ ಹಿಂದೆಯೂ ಈ ಸಂಘದ ಶ್ರಮವಿತ್ತು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ, ಸೈಬೀರಿಯದಿಂದ ವಲಸೆ ಬರುವ ಹಕ್ಕಿಗಳ ಮೈಮೇಲಿನ ಉಣ್ಣೆಗಳು ರೋಗಾಣುವನ್ನು ತಂದಿರಬಹುದೇ ಎಂಬ ಸಂದೇಹ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ಸೊಸೈಟಿಯು ದೇಶದ ಹಲವೆಡೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯ ಅಧ್ಯಯನ ನಡೆಸಿತು. ಮುಂದೆ ಈ ಯೋಜನೆಗೆ ಅಮೆರಿಕದ ಸೇನೆಗೆ ಸಂಬಂಧಿಸಿದ ಮೂಲದಿಂದಲೂ ಹಣ ಬಂದದ್ದು ವಿವಾದವಾಯಿತು. 1970ರ ದಶಕದಲ್ಲಿ ಸಂಸತ್ತಿನ ಲೆಕ್ಕಪತ್ರ ಸಮಿತಿ ಅದನ್ನು ಪರಿಶೀಲಿಸಿತು. ಸಂಘ ಎಷ್ಟೇ ದೊಡ್ಡದಾದರೂ ಹಣ ಎಲ್ಲಿಂದ ಬಂತೆಂಬ ಪ್ರಶ್ನೆಗೆ ಉತ್ತರ ಹೇಳಲೇಬೇಕಾಗುತ್ತದೆ.

ಪದ್ಮಭೂಷಣ (1958), ಪದ್ಮವಿಭೂಷಣ (1976) ಪ್ರಶಸ್ತಿಗಳೂ, 1985ರಲ್ಲಿ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯತ್ವವೂ ಅವರಿಗೆ ದೊರೆತವು. ಜೆ. ಪಾಲ್ ಗೆಟ್ಟಿ ಪ್ರಶಸ್ತಿಯ ಮೊತ್ತವನ್ನು ಅವರು ಸಂರಕ್ಷಣಾ ನಿಧಿಗೆ ನೀಡಿದರು. 1987ರ ಜೂನ್ 20ರಂದು ಮುಂಬಯಿಯಲ್ಲಿ ನಿಧನರಾದರು.

ಎರೆಭೂತ

ರಾಷ್ಟ್ರಪಕ್ಷಿಯ ಆಯ್ಕೆಯ ಸಂದರ್ಭದಲ್ಲಿ ಸಲೀಂ ಅಲಿಯವರು ಸೂಚಿಸಿದ್ದು ಎರೆಭೂತ ಅಥವಾ ದೊರೆವಾಯನಹಕ್ಕಿಯನ್ನು. 1963ರಲ್ಲಿ ನವಿಲು ಆಯ್ಕೆಯಾಯಿತು. ಅಳಿವಿನಂಚಿನಲ್ಲಿರುವ ಹಕ್ಕಿಗೆ ಆ ಗೌರವ ಸಂದರೆ ರಕ್ಷಣೆಗೆ ಬಲ ಬಂದೀತೆಂಬುದು ಅವರ ಆಶಯವಾಗಿತ್ತು. ಇಂದು ಕರ್ನಾಟಕದಲ್ಲಿ ಈ ಹಕ್ಕಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿದ್ದು, ಅವು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಭಾಗದ ಎರೆಹೊಲಗಳಲ್ಲಿವೆ. ಸಿಂಧನೂರಿನಿಂದ ತುಂಗಭದ್ರೆಯನ್ನು ದಾಟಿದರೆ ಸಿರುಗುಪ್ಪ. ಹಕ್ಕಿಗೆ ತಾಲ್ಲೂಕಿನ ಗಡಿಯೂ ಇಲ್ಲ, ಜಿಲ್ಲೆಯ ಗಡಿಯೂ ಇಲ್ಲ.

ಅರ್ಜಿದಾರರ ಗಮನಕ್ಕೆ

ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಅಡಿಯಲ್ಲಿ ಎರೆಭೂತ, ಕೃಷ್ಣಮೃಗ ಮತ್ತು ನವಿಲು ಒಂದನೇ ಅನುಸೂಚಿಯಲ್ಲಿವೆ. ಅಭಯಾರಣ್ಯದೊಳಗೆ ವನ್ಯಜೀವಿಗಳ ಅಧ್ಯಯನ, ವೈಜ್ಞಾನಿಕ ಸಂಶೋಧನೆ ಅಥವಾ ಛಾಯಾಗ್ರಹಣಕ್ಕಾಗಿ ಪ್ರವೇಶಿಸಬಯಸುವ ವ್ಯಕ್ತಿಗಳು ಹಾಗೂ ಸಂಘಗಳು ಕಾಯ್ದೆಯ 28ನೇ ಪ್ರಕರಣದಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಪಡೆಯಬೇಕು. ಹೊಲದಲ್ಲಿ ವನ್ಯಪ್ರಾಣಿಗಳಿಂದ ಬೆಳೆ ಹಾನಿಯಾದಲ್ಲಿ ವಿಳಂಬ ಮಾಡದೆ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಬೇಕು. ಪ್ರಾಣಿಗಳಿಗೆ ಉರುಳು ಅಥವಾ ವಿಷ ಇಡುವಂತಿಲ್ಲ. ಎರೆಭೂತ ಅಥವಾ ಕಾಲಿಗೆ ಉಂಗುರವಿರುವ ಯಾವುದೇ ಹಕ್ಕಿ ಕಂಡುಬಂದಲ್ಲಿ ಅದನ್ನು ಬೆನ್ನಟ್ಟದೆ, ಸ್ಥಳ, ದಿನಾಂಕ ಹಾಗೂ ವೇಳೆಯನ್ನು ಬರೆದುಕೊಂಡು, ಉಂಗುರದ ಸಂಖ್ಯೆ ಕಾಣುವಂತಿದ್ದರೆ ಅದನ್ನೂ ಸೇರಿಸಿ, ಅದೇ ಕಚೇರಿಗೆ ಮಾಹಿತಿ ನೀಡುವಂತೆ ಸಾರ್ವಜನಿಕರನ್ನು ಕೋರಲಾಗಿದೆ.