ಹಳ್ಳಿಯ ಲೆಕ್ಕ ಬರೆದ ಕುಮಾರಪ್ಪ

ಗಿರಣಿಯ ಎಣ್ಣೆ ಅಗ್ಗ, ಗಾಣದ ಎಣ್ಣೆ ತುಟ್ಟಿ. ಆದರೂ ಗಾಣ ಉಳಿಯಬೇಕೆಂದು ಹಟ ಹಿಡಿದವರು ಲೆಕ್ಕದಲ್ಲೇ ಪಳಗಿದ ಜೆ. ಸಿ. ಕುಮಾರಪ್ಪನವರು.

1892ರಲ್ಲಿ ತಂಜಾವೂರಿನ ಕ್ರೈಸ್ತ ಮನೆತನದಲ್ಲಿ ಹುಟ್ಟಿದ ಅವರು ಲಂಡನ್ನಿನಲ್ಲಿ ಲೆಕ್ಕಪರಿಶೋಧನೆ ಕಲಿತು, ಮುಂಬಯಿಯಲ್ಲಿ ಸ್ವಂತ ಕಚೇರಿ ನಡೆಸಿದರು. ಅಮೆರಿಕದಲ್ಲಿ ಅರ್ಥಶಾಸ್ತ್ರ ಓದುವಾಗ ಭಾರತದ ಬಡತನದ ಮೂಲ ಹುಡುಕಿದರು. 1929ರಲ್ಲಿ ಗಾಂಧೀಜಿಯವರನ್ನು ಕಂಡ ಮೇಲೆ ಗುಜರಾತಿನ ಮಾತರ್ ತಾಲ್ಲೂಕಿನ ಹಳ್ಳಿಗಳಲ್ಲಿ ರೈತರ ಆದಾಯ ಖರ್ಚು ಬರೆದುಕೊಂಡರು.

1934ರಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಹುಟ್ಟಿತು. ಕುಮಾರಪ್ಪನವರೇ ಅದರ ಕಾರ್ಯದರ್ಶಿ. ವಾರ್ಧಾದ ಮಗನವಾಡಿಯಲ್ಲಿ ಸಂಘದವರು ಗಾಣವನ್ನು ಸುಧಾರಿಸಿದರು. ಕೈಕಾಗದ, ಜೇನು ಸಾಕಣೆ, ತಾಳೆಬೆಲ್ಲದ ಕೆಲಸ ಕಲಿಸಿದರು. ಸೀಮೆಎಣ್ಣೆಯ ಬದಲು ಊರಿನ ಎಣ್ಣೆಯಲ್ಲೇ ಉರಿಯುವ ಮಗನ್ ದೀಪ ಮಾಡಿದರು.

ಅವರ ಲೆಕ್ಕ ಸರಳ. ಎಣ್ಣೆಕಾಳನ್ನು ಊರ ಗಾಣದಲ್ಲಿ ಆಡಿಸಿದರೆ ಗಾಣಿಗನಿಗೆ ಕೂಲಿ, ನಮ್ಮ ಎತ್ತಿಗೆ ಹಿಂಡಿ. ಕಾಳು ಪೇಟೆಯ ಗಿರಣಿಗೆ ಹೋದರೆ ಎರಡೂ ಊರು ಬಿಟ್ಟವು. ಗಾಣಿಗನ ಕೈ ಬರಿದಾದರೆ ರೈತನ ಜೋಳ ಕೊಳ್ಳುವವನೂ ಒಬ್ಬ ಕಡಿಮೆಯಾದ. ಅಕ್ಕಿಯದೂ ಇದೇ ಕಥೆ. ಗಿರಣಿಯಲ್ಲಿ ಪಾಲಿಷ್ ಆದಾಗ ತೌಡಿನೊಡನೆ ಬಿ ಜೀವಸತ್ವವೂ ಹೋಗುತ್ತದೆ. ಕೊಟ್ಟಣದ ಅಕ್ಕಿಯಲ್ಲಿ ಅದು ಬಹುಪಾಲು ಉಳಿಯುತ್ತದೆ.

ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡರು. ಬಾಳುವಂಥ ಅರ್ಥವ್ಯವಸ್ಥೆಯ ಬಗ್ಗೆ ಅಲ್ಲಿಯೇ ಪುಸ್ತಕ ಬರೆದರು. ಕೊನೆಗಾಲದಲ್ಲಿ ಮಧುರೆ ಬಳಿಯ ಕಲ್ಲುಪಟ್ಟಿಯಲ್ಲಿ ನೆಲೆಸಿ, 1960ರ ಜನವರಿ 30ರಂದು, ಗಾಂಧೀಜಿಯವರ ಪುಣ್ಯತಿಥಿಯ ದಿನವೇ, ತೀರಿಕೊಂಡರು.

ನಿಮ್ಮ ಸುತ್ತಮುತ್ತ ಗಾಣ ಇದೆಯೇ? ಎಣ್ಣೆಯ ದರ ಹೋಲಿಸುವಾಗ ಹಿಂಡಿಯ ಬೆಲೆಯನ್ನೂ, ಊರಲ್ಲೇ ಉಳಿಯುವ ಕೂಲಿಯನ್ನೂ ಕೂಡಿಸಿ ನೋಡಿ.